ಮುದ್ದೆ ಕ್ಲಬ್ಬಿನ ಡಾಕ್ಟ್ರು ಮಾವ

ಡಾಕ್ಟ್ರು ಮಾವನ ಬಲಗೈ ಬೆರಳುಗಳು ಯಾವಾಗಲೂ ಹಳದಿ. ಟಿಂಚರ್ ಅಯೋಡಿನ್ನಿನಲ್ಲಿ ಅದ್ದಿ ಅದ್ದಿ ಉಗುರಿನ ಬುಡದವರೆಗೂ ಬಣ್ಣ ಇಳಿದಿತ್ತು, ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಗುರುತಿಲ್ಲದವರು ಆ ಕೈ ನೋಡಿ, ಪಾಪ, ಈ ವಯಸ್ಸಿನಲ್ಲಿ ಎರಡನೇ ಮದುವೆಯೋ ಏನೋ, ಅರಿಶಿನ ಹಚ್ಚಿಸಿಕೊಂಡಿದ್ದಾರೆ ಅಂದುಕೊಳ್ಳುತ್ತಿದ್ದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಬ್ಬ ಮುದುಕಿ ಕೇಳಿಯೂ ಬಿಟ್ಟಳಂತೆ: "ಎಣ್ಣು ಯಾವೂರು ಸಾಮಿ?" ಮಾವ ತಲೆಯ ಮೇಲಿನ ಟೋಪಿ ತೆಗೆದು, "ಇನ್ನೂ ಹುಡುಕ್ತಾ ಇದೀವಮ್ಮ, ನಿಮ್ಮ ಕಡೆ ಯಾರಾದ್ರೂ ಇದಾರಾ?" ಅಂದರಂತೆ. ಈ ಕತೆಯನ್ನು ಅವರೇ ಹೇಳಿ ಅವರೇ ನಗುತ್ತಿದ್ದರು. ನಗುವಾಗ ಮೊದಲು ಹೊಟ್ಟೆ ಕುಣಿಯುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

ಮಾವ ಅಂದರೆ ನಮಗೂ ಅವರಿಗೂ ರಕ್ತಸಂಬಂಧ ಏನೂ ಇಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇತ್ತು, ಅಷ್ಟೇ. ಅವರು ಚಿನ್ನದ ಗಣಿ ಆಸ್ಪತ್ರೆಯ ಡಾಕ್ಟರು. ಅವರ ಮೇಲೆ ಒಬ್ಬ ಬಿಳಿ ದೊರೆ ಇದ್ದ. ರುಜು ದೊರೆಯದು, ಕೆಲಸ ಇವರದು. ಊರು ಮುಳಬಾಗಿಲ ಕಡೆ, ಮನೆಮಾತು ತೆಲುಗು. ರೋಗಿಗಳ ಹತ್ತಿರ ತಮಿಳು, ನಮ್ಮ ಹತ್ತಿರ ಕನ್ನಡ, ದೊರೆ ಹತ್ತಿರ ಇಂಗ್ಲಿಷು. ಬೈಯುವುದಕ್ಕೆ ಮಾತ್ರ ತೆಲುಗು ಇಟ್ಟುಕೊಂಡಿದ್ದರು. ಹೆಂಡತಿ ನನಗೆ ಬುದ್ಧಿ ತಿಳಿಯುವ ಮೊದಲೇ ಜ್ವರ ಬಂದು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕುಪ್ಪಂ ಕಡೆಯ ಒಬ್ಬ ಅಡುಗೆಯವನು, ಗೋಡೆಯ ಈ ಕಡೆ ನಾವು. ಇಷ್ಟೇ ಅವರ ಸಂಸಾರ ಎಂದು ನಾನು ತಿಳಿದಿದ್ದೆ.

ಇನ್ನು ಕ್ಲಬ್ಬಿನ ವಿಷಯ. ಆಗ ಮೈನ್ಸಿನ ದೊರೆಗಳಿಗೆ ಒಂದು ದೊಡ್ಡ ಕ್ಲಬ್ಬಿತ್ತು. ಹುಲ್ಲುಹಾಸು, ಬಿಲಿಯರ್ಡ್ಸ್ ಮೇಜು, ಬಿಳಿ ಬಟ್ಟೆ ಬಟ್ಲರುಗಳು. ನಮ್ಮವರು ಎಷ್ಟೇ ಡಿಗ್ರಿ ತಗೊಂಡಿದ್ದರೂ ಅದರ ಗೇಟು ದಾಟುವ ಹಾಗಿರಲಿಲ್ಲ. ಹೈಸ್ಕೂಲು ಹೆಡ್‌ಮೇಷ್ಟ್ರಿಗೆ ಅದು ಬಹಳ ಉರಿ. "ನಾವೂ ಒಂದು ಮಾಡೋಣ, ಚಮಚ ಮುಳ್ಳು ಎಲ್ಲ ಇಟ್ಟು" ಎಂದು ಹೊರಟರು. ಡಾಕ್ಟ್ರು ಮಾವ, "ಮಾಡೋಣ, ನಮ್ಮ ಮನೇಲೇ ಮಾಡೋಣ, ಊಟ ಮಾತ್ರ ನಾನು ಹೇಳಿದ್ದು" ಅಂದರು. ಒಪ್ಪಿದರು. ಮೊದಲನೇ ಶನಿವಾರ ಕೋಟು ಟೈ ಹಾಕಿಕೊಂಡು ಬಂದವರ ಮುಂದೆ ಎಲೆ ಹಾಕಿ, ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಹೆಡ್‌ಮೇಷ್ಟ್ರ ಮುಖ ಹುಳ್ಳಗಾಯಿತಂತೆ. ಅವರು ಆ ಸಂಘಕ್ಕೆ ಉದ್ದವಾದ ಒಂದು ಸಂಸ್ಕೃತದ ಹೆಸರಿಟ್ಟಿದ್ದರು. ಆ ರಾತ್ರಿಯಿಂದ ಊರವರ ಬಾಯಲ್ಲಿ ಅದು ಮುದ್ದೆ ಕ್ಲಬ್ಬಾಗಿ ಹೋಯಿತು.

ಮುದ್ದೆಯೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಮಾವ ಹೇಳಿದ್ದರು: "ಮುದ್ದೆ ನುಂಗ್ತಾ ಇರೋನು ಮಾತಾಡೋಕಾಗಲ್ಲ ಅಮ್ಮಣ್ಣಿ. ಈ ಓದಿದೋರ ಬಾಯಿ ಅರ್ಧ ಗಂಟೆನಾದ್ರೂ ಮುಚ್ಚಿರಲಿ ಅಂತ." ತಮಾಷೆಯಲ್ಲ, ಅದು ನಿಯಮವೇ ಆಗಿತ್ತು. ಊಟ ಮುಗಿಯುವವರೆಗೆ ಒಬ್ಬರೂ ಉಸಿರೆತ್ತಬಾರದು. ಯಾವ ಜಾತಿಯವರಾದರೂ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ಅದಕ್ಕೆ ಕೆಲವರ ಮನೆಯಲ್ಲಿ ಹೆಂಗಸರು ಮುಖ ಗಂಟಿಕ್ಕಿದರು, ಕೆಲವರು ಊಟ ಮಾಡಿ ಹೋಗಿ ಮನೆಯಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು ಎನ್ನುವುದೂ ಮಾವನಿಗೆ ಗೊತ್ತಿತ್ತು. "ಸ್ನಾನ ಒಳ್ಳೇದೇ, ಮಾಡಲಿ ಬಿಡು" ಅನ್ನುತ್ತಿದ್ದರು.

ಕೈ ತೊಳೆದ ಮೇಲೆ ಚರ್ಚೆ. ಮೊದಮೊದಲು ಅದು ಚರ್ಚೆಯಾಗಿರಲಿಲ್ಲ, ಜಗಳವಾಗಿತ್ತು. ನನ್ನ ಅಪ್ಪ ವಕೀಲರು. ದಿನವೂ ಟ್ರೈನು ಹತ್ತಿ ಬಂಗಾರಪೇಟೆ ಕೋರ್ಟಿಗೆ ಹೋಗಿ ಜಗಳವಾಡುವುದೇ ಅವರ ಕಸುಬು. ಹೆಡ್‌ಮೇಷ್ಟ್ರಿಗೆ ಇನ್ನೊಬ್ಬರು ಮಾತಾಡುತ್ತಿದ್ದರೆ ಬಾಯಿ ಮುಚ್ಚಿಸುವುದೇ ಅಭ್ಯಾಸ. ಒಂದು ಸಲ ಇಬ್ಬರೂ ಮಾತು ಬಿಟ್ಟು, ಎದುರಾದರೆ ರಸ್ತೆ ದಾಟಿ ಹೋಗತೊಡಗಿದರು. ಆಗ ಮಾವ ತಂದ ನಿಯಮ ಇದು. ಯಾರಿಗೆ ಯಾವ ವಿಷಯದಲ್ಲಿ ಹಟ ಇದೆಯೋ, ಅವರು ಅದರ ಎದುರು ಪಕ್ಷವನ್ನು ಎತ್ತಿ ಮಾತಾಡಬೇಕು. ಎಲ್ಲಿಯವರೆಗೆ? ಎದುರಿನವನು, "ಹೂಂ, ಇದೇ ನನ್ನ ಮಾತು" ಎಂದು ಒಪ್ಪುವವರೆಗೆ. ಒಪ್ಪದಿದ್ದರೆ ಮತ್ತೆ ಮೊದಲಿನಿಂದ. "ಆಸ್ಪತ್ರೇಲಿ ನಾನು ಮೊದಲು ನೋವು ಎಲ್ಲಿ ಅಂತ ಕೇಳ್ತೀನಿ. ನೀವು ಕೇಳೋಕೆ ಮುಂಚೆನೇ ಔಷಧಿ ಕುಡಿಸ್ತೀರಿ" ಎಂದರಂತೆ. ಯಾವ ಚರ್ಚೆಗೂ ತೀರ್ಮಾನ ಅಂತ ಇರಲಿಲ್ಲ. ಬಂಗಾರಪೇಟೆಯಿಂದ ಬಂದವರು ಕೊನೆಯ ಟ್ರೈನು ಹಿಡಿಯಬೇಕಿತ್ತು. ಜಟಕಾದವನು ಗೇಟಿನ ಹತ್ತಿರ ನಿಂತು "ಸಾಮೀ, ವಂಡಿ ರೆಡೀ" ಎಂದು ಕೂಗಿದರೆ ಅಲ್ಲಿಗೆ ಮುಗಿಯಿತು, ಅರ್ಧ ಆಡಿದ ಮಾತನ್ನು ಬಾಯಲ್ಲಿಟ್ಟುಕೊಂಡೇ ಎದ್ದು ಹೊರಡಬೇಕು.

ಈ ನಿಯಮದಿಂದ ಆದ ಪಾಡುಗಳನ್ನು ಬರೆಯುತ್ತಾ ಹೋದರೆ ನಗುವುದೇ ಆಗುತ್ತದೆ. ಲೋಟಗಟ್ಟಲೆ ಕಾಫಿ ಕುಡಿಯುತ್ತಿದ್ದ ಹೆಡ್‌ಮೇಷ್ಟ್ರು ಒಮ್ಮೆ ಕಾಫಿಯನ್ನು ಖಂಡಿಸಿ ಮಾತಾಡಬೇಕಾಗಿ ಬಂತು. ಮನುಷ್ಯ ಎಷ್ಟು ಚೆನ್ನಾಗಿ ಖಂಡಿಸಿದರೆಂದರೆ, ಮಾರನೆಯ ದಿನದಿಂದ ಕಾಫಿ ಬಿಟ್ಟು ಅಂಬಲಿ ಶುರುಮಾಡಿದರು. ತಲೆನೋವು ಬಂದು ಮನೆಯಲ್ಲಿ ಕಂಡಕಂಡವರ ಮೇಲೆ ರೇಗಾಡತೊಡಗಿದ ಮೇಲೆ, ಅವರ ಹೆಂಡತಿ ನೇರವಾಗಿ ಡಾಕ್ಟ್ರು ಮಾವನ ಮನೆಗೇ ಬಂದು, "ನಿಮ್ಮ ಕ್ಲಬ್ಬಿಗೆ ಬೆಂಕಿ ಬೀಳ, ಮೊದ್ಲು ನಮ್ಮೋರಿಗೆ ಕಾಫಿ ಕುಡೀರಿ ಅಂತ ಚೀಟಿ ಬರ್ಕೊಡಿ" ಎಂದು ನಿಂತರು. ಮಾವ ಬರೆದುಕೊಟ್ಟರು. ಹೊತ್ತಿಗೊಂದು ಲೋಟ, ಊಟಕ್ಕೆ ಮುಂಚೆ.

ನಾನು ಇದನ್ನೆಲ್ಲ ಕೇಳುತ್ತಿದ್ದದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ. ಅವರ ಹಜಾರ ನೇರ ಎದುರಿಗಿತ್ತು. ಅಮ್ಮ, "ಏನ್ ಮಾತೋ ಕಾಣೆ, ಸಾರು ಮಾತ್ರ ನೀರ್ ನೀರು, ಇಲ್ಲಿಗೇ ವಾಸ್ನೆ ಬರಲ್ಲ" ಎಂದು ಗೊಣಗುತ್ತಾ ಕಿಟಕಿ ಬಾಗಿಲು ಹಾಕುತ್ತಿದ್ದರು. ನಾನು ತೆಗೆಯುತ್ತಿದ್ದೆ.

ನಾನು ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಇಂಟರ್‌ಮೀಡಿಯೆಟ್ ಮುಗಿಸಿ ಬಂದ ಬೇಸಿಗೆ. ಒಂದು ಬೆಳಿಗ್ಗೆ ನಮಗೆ ಹಾಲು ಹಾಕುವ ಹೆಂಗಸು ಚೊಂಬು ಬಿಸಾಕಿ ಅಳುತ್ತಾ ಓಡಿ ಬಂದಳು. ಸೊಸೆಗೆ ಹಿಂದಿನ ದಿನದಿಂದ ನೋವು, ಮಗು ಬರುತ್ತಿಲ್ಲ. ನಾನು ಗೋಡೆಯ ಮೇಲಿಂದ ಕೂಗಿದೆ. ಡಾಕ್ಟ್ರು ಮಾವ ಬ್ಯಾಗು ಹಿಡಿದು ಹೊರಟರು, ಅಮ್ಮ ನಾನು ಹಿಂದೆ. ಚಿನ್ನ ತೆಗೆದುಳಿದ ಮಣ್ಣು ಗುಡ್ಡೆಬಿದ್ದ ಸಯನೈಡ್ ದಿಬ್ಬದ ಆಚೆ ಅವರ ಗುಡಿಸಲು. ಹಾಲಿನವಳು ಅಲ್ಲಿಯವರೆಗೂ ಡಾಕ್ಟರನ್ನು ಕರೆದುಕೊಂಡು ಬಂದವಳು, ಬಾಗಿಲಿಗೆ ಬಂದಮೇಲೆ ಅಡ್ಡ ನಿಂತಳು.

"ಒಳಕ್ ಮಾತ್ರ ಬ್ಯಾಡ ಸಾಮಿ. ಗಂಡ್ಸು ಮುಟ್ಟಿದ್ರೆ ನಾಳೆ ನನ್ ಮಗ ಅವಳ್ನ ಬಾಳಿಸ್ತಾನಾ? ಏನ್ ಮಾಡ್ಬೇಕೂಂತ ನೀವು ಇಲ್ಲಿಂದ್ಲೇ ಏಳಿ, ಸೂಲಗಿತ್ತಿ ಮಾಡ್ತಾಳೆ."

ಕೆಟ್ಟವಳಲ್ಲ ಅವಳು. ಅಳುತ್ತಿದ್ದಳು, ಕೈ ಮುಗಿಯುತ್ತಿದ್ದಳು, ಆದರೆ ಬಾಗಿಲು ಬಿಡಲಿಲ್ಲ. ಮಾವ ಗುಡಿಸಲಿಗೆ ಬೆನ್ನು ಮಾಡಿ ಬಿಸಿಲಲ್ಲಿ ನಿಂತು, "ಕೈ ಸೋಪಲ್ಲಿ ತೊಳೆದೆಯಾ? ತಲೆ ಕಾಣುತ್ತಾ? ಹೊಟ್ಟೆ ಒತ್ತಬೇಡ, ಒತ್ತಬೇಡಮ್ಮಾ" ಎಂದು ಕೂಗುತ್ತಿದ್ದರು. ಒಳಗಿನಿಂದ ಸೂಲಗಿತ್ತಿ ಏನೋ ಒಂದು ಹೇಳುತ್ತಿದ್ದಳು, ಅರ್ಧ ಕೇಳಿಸುತ್ತಿರಲಿಲ್ಲ. ನಡು ಮಧ್ಯಾಹ್ನಕ್ಕೆ ಒಳಗೆ ಸದ್ದು ನಿಂತಿತು. ಆ ಹುಡುಗಿಗೆ ನನ್ನದೇ ವಯಸ್ಸು. ಮಗುವೂ ಉಳಿಯಲಿಲ್ಲ.

ನಮ್ಮ ಗೇಟಿನ ಹತ್ತಿರ ಬಂದಾಗ ಮಾವ ಹೇಳಿದರು: "ಬಾಗಿಲಾಚೆ ನಿಂತು ಡಾಕ್ಟರಿ ಮಾಡೋಕಾಗಲ್ಲ ಅಮ್ಮಣ್ಣಿ. ಒಳಗೆ ಹೋಗೋರು ಬೇಕು." ಆವತ್ತೇ ನಾನು ನಿಶ್ಚಯ ಮಾಡಿಬಿಟ್ಟೆ. ಮದ್ರಾಸಿನಲ್ಲಿ ಹೆಂಗಸರಿಗೆ ಡಾಕ್ಟರಿ ಕಲಿಸುತ್ತಾರೆ ಎಂದು ಬೆಂಗಳೂರಿನಲ್ಲಿ ಓದುವಾಗಲೇ ಕೇಳಿದ್ದೆ. ಅರ್ಜಿ ತರಿಸಿದೆ. ತಂದೆಯ ರುಜು ಇಲ್ಲದೆ ಅದು ಹೋಗುವಂತಿರಲಿಲ್ಲ.

ಅಪ್ಪನಿಗೆ ಎರಡು ಕನ್ನಡ ಇದ್ದವು. ಕೋರ್ಟಿಗೆ ಹೋಗುವಾಗ ಕೋಟಿನ ಜೊತೆಗೆ ಹಕಾರವನ್ನೂ ಹಾಕಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಎರಡನ್ನೂ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದರು. ಬಂಗಾರಪೇಟೆ ಪಕ್ಕದ ಹಳ್ಳಿಯ ಬೇಸಾಯದ ಮನೆಯಿಂದ ಬಂದು ಲಾ ಓದಿದವರು. ನಾನು ಅರ್ಜಿ ಮುಂದಿಟ್ಟಾಗ ಮನೆಯ ಕನ್ನಡದಲ್ಲೇ ಹೇಳಿದರು: "ಎಣ ಕುಯ್ಯೋ ಓದು ನನ್ ಮಗ್ಳಿಗೆ ಬ್ಯಾಡ. ಓದಿದ್ದು ಸಾಕು. ಆಸಾಡ ಕಳೀಲಿ, ಮಾಲೂರೋರು ನೋಡೋಕ್ ಬತ್ತಾರೆ."

"ನಾನ್ ಅವ್ರನ್ನ ನೋಡಲ್ಲ" ಎಂದೆ.

"ನೀನ್ ನೋಡು ಅಂದೋರ್ ಯಾರ್ಲೇ? ಅವ್ರು ನಿನ್ನ ನೋಡ್ತಾರೆ."

ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಅವರಿಂದಲೇ ಬಂದದ್ದು. ಅಪ್ಪನ ಹತ್ತಿರ ಮಾತು ಬಿಟ್ಟೆ. ಪಾತ್ರೆಗಳನ್ನು ಕುಕ್ಕಿದೆ. ಅಮ್ಮ ನಡುವೆ ಸಿಕ್ಕಿ ಇಬ್ಬರನ್ನೂ ಬೈದರು. ಅರ್ಜಿ ಕಳಿಸಲು ಒಂದು ವಾರ ಉಳಿದಿತ್ತು. ಆ ವಾರವೇ ತಿಂಗಳಿಗೊಮ್ಮೆ ಸೇರುವ ಕ್ಲಬ್ಬಿನ ಶನಿವಾರ.

ಡಾಕ್ಟ್ರು ಮಾವ ಗೋಡೆಗೆ ಮೊಣಕೈ ಊರಿ ಅಪ್ಪನನ್ನು ಕರೆದರು. "ವಕೀಲ್ರೇ, ಈ ಸಲದ ವಿಷಯ ನಿಶ್ಚಯ ಆಯ್ತು. ನಿಮ್ಮ ಮಗಳು ಡಾಕ್ಟರಿ ಓದಬೇಕೋ ಬೇಡವೋ ಅಂತ."

ಅಪ್ಪನ ಮುಖ ಕೆಂಪಾಯಿತು. "ಏನ್ರೀ ಇದು, ನಮ್ಮನೆ ವಿಷ್ಯ ನಾಕ್ ಜನ್ರ ಮುಂದೆ?"

"ಬೇಡ ಅಂದ್ರೆ ಬಿಡಿ. ಬೇಕು ಅನ್ನೋ ಪಕ್ಷ ನಿಮಗೆ ಕಷ್ಟ ಆದ್ರೆ ಹೆಡ್‌ಮೇಷ್ಟ್ರು ವಾದಿಸ್ತಾರಂತೆ."

"ಆವಯ್ಯ ಏನ್ ವಾದಿಸ್ತಾನೆ?" ಅಪ್ಪ ಸಿಡಿದರು. "ಕಾಫಿ ಮೇಲ್ ಮಾತಾಡ್ದಂಗೆ ಅಂದ್ಕೊಂಡವ್ನಾ? ನನ್ ಮಗಳ ಕೇಸು ನಾನೇ ವಾದಿಸ್ತೀನಿ!"

ಬಾಯಿಂದ ಬಂದದ್ದು ಬಂದುಬಿಟ್ಟಿತು. ಮಾವ ಕೂಡಲೇ ಅಮ್ಮನ ಕಡೆ ತಿರುಗಿ, "ತಾಯಿ, ಅವತ್ತು ನೀವು ತಾಯಿ ಮಗಳು ಇಬ್ಬರಿಗೂ ಊಟ ನಮ್ಮಲ್ಲೇ. ಕಕ್ಷಿದಾರರು ಇಲ್ಲದೆ ಕೋರ್ಟು ನಡೆಸೋಕಾಗುತ್ತಾ?" ಅಂದರು. ಕ್ಲಬ್ಬಿನ ಸಾಲಿನಲ್ಲಿ ಹೆಂಗಸರು ಕೂತದ್ದು ಅದೇ ಮೊದಲು. ಅಮ್ಮ ಸೆರಗು ತಲೆ ತುಂಬ ಹೊದ್ದು, ಎಲ್ಲರಿಗಿಂತ ಬೇಗ ಮುದ್ದೆ ಮುಗಿಸಿ, ಸಾರಿಗೆ ಉಪ್ಪಿಲ್ಲ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಅಪ್ಪ ಎದ್ದರು. ಕೋಟು ಸರಿಮಾಡಿಕೊಂಡು, "ಮಾನ್ಯರೇ, ನನ್ನ ಕಕ್ಷಿದಾರಳು..." ಎಂದು ಶುರುಮಾಡಿದರು. ಎಲ್ಲರೂ ನಕ್ಕರು. ಅಪ್ಪನಿಗೆ ಕೆಟ್ಟದಾಗಿ ವಾದಿಸಲು ಬರುತ್ತಿರಲಿಲ್ಲ, ಅದೇ ಅವರ ಕರ್ಮ. ಯಾವ ಪಕ್ಷ ಕೈಗೆ ಬಂದರೂ ಗೆಲ್ಲಿಸಲೇಬೇಕು. ಹೆಣ್ಣುಮಕ್ಕಳು ಪಾಠ ಹೇಳಬಹುದಾದರೆ ಔಷಧಿ ಯಾಕೆ ಕೊಡಬಾರದು ಎಂದರು. ಹುಡುಗಿಯಾಗಿದ್ದಾಗ ನಾನು ಕಾಲು ಮುರಿದ ಕೋಳಿಗೆ ಬಿದಿರಿನ ಸೀಳು ಕಟ್ಟಿದ್ದನ್ನು ಸಾಕ್ಷಿಯಾಗಿ ಹೇಳಿದರು. ಅವರಿಗೆ ಅದು ನೆನಪಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹೆಡ್‌ಮೇಷ್ಟ್ರು ಭೇಷ್ ಭೇಷ್ ಎಂದು ತೊಡೆ ತಟ್ಟಿದರು. ಆಮೇಲೆ ಅಪ್ಪ ತಮ್ಮ ಮನೆಯ ಮಾತಿಗೆ ಬಂದರು.

"ನನ್ನ ತಾಯಿ ತೀರಿಕೊಂಡಾಗ ನಾನು ಚಿಕ್ಕವನು. ಹೆರಿಗೆ ನೋವು. ನಮ್ಮ ತಂದೆ ಆಸ್ಪತ್ರೆಗೆ ಅಂತ ಗಾಡಿ ಕಟ್ಟಿದರು. ಅಲ್ಲಿ ಗಂಡಸು ಮುಟ್ಟುತ್ತಾನೆ ಅಂತ ಅಜ್ಜಿ ಬೇಡ ಅಂದಳು. ಎತ್ತು ಬಿಚ್ಚಿದರು." ಅಪ್ಪನ ದನಿಯಿಂದ ಕೋರ್ಟು ಇಳಿದುಹೋಯಿತು. "ಅಲ್ಲೊಬ್ಳು ಎಣ್ ಡಾಕ್ಟ್ರು ಇದ್ದಿದ್ರೆ... ನಮ್ಮವ್ವನ್ನ ಗಾಡಿ ಅತ್ತಿಸ್ತಿದ್ರು. ಅಷ್ಟೇ ನಾನ್ ಏಳೋದು."

ಅಷ್ಟು ಹೇಳಿ ಕೂತುಬಿಟ್ಟರು. ಅಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದರು. ಅಪ್ಪನ ತಾಯಿ ಜ್ವರ ಬಂದು ಸತ್ತರು ಅಂತಲೇ ನಮಗೆಲ್ಲ ಹೇಳಿದ್ದದ್ದು.

"ಏನಮ್ಮಣ್ಣಿ, ಇದು ನಿನ್ನ ಮಾತೇನಾ?" ಎಂದು ಡಾಕ್ಟ್ರು ಮಾವ ನಿಯಮದ ಪ್ರಕಾರ ಕೇಳಿದರು.

"ನನ್ನದಕ್ಕಿಂತ ಚೆನ್ನಾಗೈತೆ" ಎಂದೆ.

ಗೆದ್ದೆವು ಅಂದುಕೊಂಡೆ. ಆದರೆ ಇನ್ನೊಂದು ಪಕ್ಷ ಉಳಿದಿತ್ತಲ್ಲ. ನನ್ನನ್ನು ಓದಿಸಲೇಬೇಕು ಎಂದು ಹಟ ಹಿಡಿದವರು ಡಾಕ್ಟ್ರು ಮಾವ. ನಿಯಮದಂತೆ ಓದಿಸಬಾರದು ಎಂದು ಈಗ ಅವರು ಮಾತಾಡಬೇಕು. ಅವರು ಏಳಲಿಲ್ಲ, ಕೂತೇ ಹೇಳಿದರು. ಹೆಣ ಕುಯ್ಯುವುದು, ಪರವೂರು, ಜನರ ಬಾಯಿ, ಇವನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿದರು. ನನಗೆ ನಗು ಬರುತ್ತಿತ್ತು, ಬೇಕೆಂದೇ ಸೋಲುತ್ತಿದ್ದಾರೆ ಅಂತ. ಆಮೇಲೆ ಅವರ ದನಿ ತಗ್ಗಿತು.

"ನನ್ನಾಕೆ ಜ್ವರ ಬಂದು ಮಲಗಿದ್ದಳು. ಮಧ್ಯಾಹ್ನ ನೆಲ ಅದುರಿತು, ಕಪಾಟಿನ ಲೋಟ ಎಲ್ಲ ಕೆಳಗೆ ಬಿದ್ದವು. ಗಣಿ ಒಳಗೆ ಬಂಡೆ ಸಿಡಿದು ಜನ ಸಿಕ್ಕಿಕೊಂಡಿದ್ದಾರೆ ಅಂತ ಕರೆ ಬಂತು. ಅವಳೇ, ಹೋಗಿ ಬನ್ನಿ ಅಂದಳು. ಗಣಿಯಾಳುಗಳನ್ನ ಇಳಿಸೋ ಕೇಜಿನಲ್ಲಿ ಇಳಿದೆ. ಒಬ್ಬನ ಕಾಲು ಅಲ್ಲೇ ತೆಗೀಬೇಕಾಯ್ತು. ಅವನು ಬದುಕಿದ, ಈಗಲೂ ಆಂಡರ್ಸನ್‌ಪೇಟೇಲಿ ಬೀಡಿ ಅಂಗಡಿ ಇಟ್ಟಿದಾನೆ. ನಾನು ಮೇಲಕ್ಕೆ ಬರೋ ಹೊತ್ತಿಗೆ ಬೆಳಕು ಹರಿದಿತ್ತು. ಮನೇಲಿ ನಿಮ್ಮಮ್ಮ..." ಎಂದು ನನ್ನ ಕಡೆ ನೋಡಿದರು. "ನಿಮ್ಮಮ್ಮ ಅವಳ ಕಣ್ಣು ಮುಚ್ಚಿಸಿ ಪಕ್ಕದಲ್ಲಿ ಕೂತಿದ್ದರು."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಡಾಕ್ಟರ್ ಆದವರಿಗೆ ಊರೆಲ್ಲ ನಮ್ಮದು. ಮನೆಯವರು ಕಾಯ್ತಾ ಇರಬೇಕು. ಕಾದು ಕಾದು ಒಂದಿನ ಹೊರಟುಹೋಗ್ತಾರೆ, ಅವತ್ತೂ ನಾವು ಇರಲ್ಲ. ಈ ಹುಡುಗಿ ಅಂದ್ರೆ ನನಗೆ ಪ್ರಾಣ. ಇವಳಿಗೆ ಈ ಗತಿ ಬೇಡ. ಬೇರೆ ಯಾರ ಮಗಳಾದ್ರೂ ಓದಲಿ."

ಗಂಡಸರೆಲ್ಲ ನೆಲ ನೋಡುತ್ತಿದ್ದರು. ನನ್ನ ಮೈ ಉರಿದುಹೋಯಿತು. ನಂಬಿದ ಮನುಷ್ಯ ನಡು ನೀರಿನಲ್ಲಿ ಕೈಬಿಟ್ಟರಲ್ಲ ಎಂದು, ಅಲ್ಲೇ ಎದ್ದು ಹೋಗಬೇಕು ಅನ್ನಿಸಿತು. ಇಷ್ಟು ನಿಜವಾಗಿ ಮಾತಾಡಿ ಎಂದು ಯಾರು ಹೇಳಿದ್ದರು ಇವರಿಗೆ?

ಮಾವ ಅಪ್ಪನನ್ನು ಕೇಳಿದರು: "ವಕೀಲ್ರೇ, ಇದು ನಿಮ್ಮ ಮಾತೇನಾ?"

ಹೂಂ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಅಷ್ಟು ದೊಡ್ಡ ಮಾತು ಪುಕ್ಕಟೆಯಾಗಿ ಕೈಗೆ ಬಂದಿತ್ತು, ಯಾವ ವಕೀಲ ಬಿಡುತ್ತಾನೆ? ಅಪ್ಪ ಅಡ್ಡಡ್ಡ ತಲೆ ಆಡಿಸಿದರು.

"ಇಲ್ಲ ಡಾಕ್ಟ್ರೇ. ಇದು ನನ್ ಮಾತಲ್ಲ."

"ಹಾಗಾದ್ರೆ ನಿಮ್ಮದು ಯಾವುದು ಹೇಳಿ, ಅದನ್ನೇ ಎತ್ತಿ ಮಾತಾಡ್ತೀನಿ."

"ಮಾಲೂರೋರು ಏನಂತಾರೆ ಅಂತಿದ್ದೆ ನಾನು. ಜಾತಿಯೋರು ಏನಂತಾರೆ ಅಂತಿದ್ದೆ." ಅಪ್ಪ ಎಲೆಯಡಿಕೆ ತಟ್ಟೆಯನ್ನು ಸುಮ್ಮನೆ ಆ ಕಡೆ ಈ ಕಡೆ ತಳ್ಳಿದರು. "ನೀವು ಏಳಿದ್ ಮೇಲೆ ಅದನ್ನ ಏಳೋಕೆ ನಾಚ್ಕೆ ಆಯ್ತದೆ. ಬಿಡಿ."

ಹೊರಗೆ ಜಟಕಾದವನು ಕೂಗಿದ. ಬಂಗಾರಪೇಟೆಯವರು ಚಪ್ಪಲಿ ಹುಡುಕತೊಡಗಿದರು. ತೀರ್ಮಾನ ಅಂತ ಯಾರೂ ಕೇಳಲಿಲ್ಲ.

ಬೆಳಿಗ್ಗೆ ಅಪ್ಪ ಮುಖ ತೊಳೆದು ಬಂದು, ಟವಲಿನಿಂದ ಕಿವಿ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆ ಅಂದರು: "ಎಲ್ಲೈತ್ಲೇ ಆ ಅರ್ಜಿ? ತತ್ತಾ, ಸೈನ್ ಆಕ್ತೀನಿ." ಅಮ್ಮ ಒಲೆಯ ಮುಂದಿನಿಂದಲೇ, "ಮಾಲೂರೋರಿಗೆ ಏನ್ ಏಳ್ತೀರಾ?" ಅಂದರು. "ನನ್ ಮಗ್ಳು ಬ್ಯುಸಿ ಅವ್ಳೆ ಅಂತ ಏಳ್ತೀನಿ" ಅಂದರು ಅಪ್ಪ.

ನಾನು ಆ ಕಾಗದ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋದೆ. ಮಾವ ಗಿಡಕ್ಕೆ ನೀರು ಹಾಕುತ್ತಿದ್ದರು. ಸಂತೋಷಕ್ಕಿಂತ ಸಿಟ್ಟೇ ಮುಂದಿತ್ತು. "ಯಾಕೆ ಮಾವ ಹಂಗೆ ಮಾತಾಡಿದ್ರಿ? ಅಪ್ಪ ಹೂಂ ಅಂದಿದ್ರೆ ನನ್ನ ಗತಿ ಏನಾಗ್ತಿತ್ತು? ನಿಮ್ಮ ನಿಯಮ ದೊಡ್ಡದಾ, ನಾನು ದೊಡ್ಡವಳಾ?"

ಅವರು ಚೊಂಬು ಕೆಳಗಿಟ್ಟರು. "ಅದು ನಿಮ್ಮಪ್ಪನಿಗೆ ಹೇಳಿದ್ದಲ್ಲ ಅಮ್ಮಣ್ಣಿ. ನಿನಗೆ ಹೇಳಿದ್ದು. ಓದು ಓದು ಅಂತ ಹುರಿದುಂಬಿಸಿದವನು ನಾನೇ. ಮುಂದೆ ಏನಾಗುತ್ತೆ ಅಂತ ಹೇಳದೆ ಕಳಿಸಿದ್ರೆ ನಾನು ಮನುಷ್ಯನಾ? ಈಗ ಗೊತ್ತಾಯ್ತಲ್ಲ. ಗೊತ್ತಿದ್ದೂ ಹೋಗ್ತೀಯಾ?"

"ಹೋಗ್ತೀನಿ."

"ಹಂಗಾದ್ರೆ ಹೋಗು." ಮತ್ತೆ ಚೊಂಬು ಎತ್ತಿಕೊಂಡರು. ಆಮೇಲೆ ತಿರುಗಿ, "ಮದ್ರಾಸಲ್ಲಿ ಮುದ್ದೆ ಸಿಗಲ್ಲ, ಅನ್ನ ತಿಂದು ಕೆಡಬೇಡ" ಅಂದರು.

ಓದು ಎಂದು ಹೇಳುವವರು ಎಲ್ಲ ಕಾಲದಲ್ಲೂ ಬೇಕಾದಷ್ಟು ಜನ ಇರುತ್ತಾರೆ. ಸಭೆಗಳಲ್ಲಿ ಹಾರ ಹಾಕಿಸಿಕೊಂಡು ಹೇಳುತ್ತಾರೆ. ಓದಿದರೆ ನೀನು ಏನನ್ನು ಕಳೆದುಕೊಳ್ಳುತ್ತೀಯೆ ಎಂದು ಮುಖಕ್ಕೆ ಹೇಳಿ, ಆಮೇಲೆ ದಾರಿ ಬಿಟ್ಟವರು ನನ್ನ ಬದುಕಿನಲ್ಲಿ ಅವರೊಬ್ಬರೇ. ಮದ್ರಾಸಿನ ಹಾಸ್ಟೆಲ್ಲಿನಲ್ಲಿ ಎಷ್ಟೋ ಹುಡುಗಿಯರು ಮೊದಲ ವರ್ಷವೇ ಅಳುತ್ತಾ ವಾಪಸು ಹೋದರು. ನನಗೂ ಅಳು ಬರುತ್ತಿತ್ತು, ಆದರೆ ಮೋಸ ಹೋದೆ ಅನ್ನಿಸಲಿಲ್ಲ.

ಡಾಕ್ಟರಾಗಿ ನಾನು ಊರಿಗೇ ಬಂದೆ. ಮೈನ್ಸಿನ ಕೂಲಿಗಳ ಲೈನುಮನೆಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಬಾಗಿಲುಗಳು ತೆರೆದವು. ಮಾವ ಅಷ್ಟು ಹೊತ್ತಿಗೆ ಕೆಲಸದಿಂದ ಇಳಿದಿದ್ದರು. ನನ್ನನ್ನು ಒಮ್ಮೆಯೂ ಹೊಗಳಲಿಲ್ಲ, ಮಹಾರಾಯ. ಸಂಜೆ ಗೋಡೆಯ ಹತ್ತಿರ ನಿಂತು, "ಇವತ್ತು ಎಷ್ಟು ಮನೆ? ಊಟ ಮಾಡಿದೆಯಾ?" ಎರಡೇ ಪ್ರಶ್ನೆ. ಎರಡನೆಯದಕ್ಕೆ ಇಲ್ಲ ಎಂದರೆ ತೆಲುಗಿನಲ್ಲಿ ಬೈಗುಳ. ಕ್ಲಬ್ಬಿಗೆ ನನ್ನನ್ನು ಸೇರಿಸಿಕೊಂಡರು. ಚರ್ಚೆಯ ನಡುವೆ ನನಗೆ ಕರೆ ಬಂದು ನಾನು ಎದ್ದರೆ ಹೆಡ್‌ಮೇಷ್ಟ್ರು ಗೊಣಗುತ್ತಿದ್ದರು, ಮಾವ ಸುಮ್ಮನೆ ಕಾಲು ಮಡಚಿ ದಾರಿ ಕೊಡುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರ ಹೃದಯ ಸೋತಿತು. ಕಾಲು ಊದಿಕೊಂಡಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿಗೆ ಒರಗಿಯೇ ಇರುತ್ತಿದ್ದರು. ದಿನವೂ ನಾನೇ ನೋಡುತ್ತಿದ್ದೆ. ಆವತ್ತು ಬೆಳಿಗ್ಗೆ ನಾಡಿ ಹಿಡಿದಾಗ ಇವತ್ತೋ ನಾಳೆಯೋ ಎಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿ, ಬೇಗ ಬರುತ್ತೇನೆ ಎಂದು ಹೊರಟೆ.

ಆಂಡರ್ಸನ್‌ಪೇಟೆಯಲ್ಲಿ ಒಂದು ಚೊಚ್ಚಲ ಹೆರಿಗೆ. ಮಗು ಅಡ್ಡಲಾಗಿತ್ತು, ಕೈ ಮುಂದೆ ಬಂದಿತ್ತು. ಒಳಗೇ ತಿರುಗಿಸಿ ಕಾಲು ಹಿಡಿದು ತರಬೇಕು. ನಾನು ಕೈ ತೊಳೆದು ಕೆಲಸ ಶುರುಮಾಡಿದ್ದೆ, ಅಷ್ಟರಲ್ಲಿ ಹೆಡ್‌ಮೇಷ್ಟ್ರೇ ಏದುಸಿರು ಬಿಡುತ್ತಾ ಬಂದು ಬಾಗಿಲ ಹೊರಗೆ ನಿಂತು ಕೂಗಿದರು: "ಡಾಕ್ಟ್ರಿಗೆ ಉಸಿರು ಎಳೀತಾ ಇದೆಯಮ್ಮಾ! ನಿಮ್ಮಪ್ಪ ಕೂಡಲೇ ಬರಬೇಕು ಅಂದ್ರು!"

ಹುಡುಗಿಯ ಅತ್ತೆ ನನ್ನ ಸೆರಗು ಹಿಡಿದುಕೊಂಡಳು. "ಓಗ್ಬ್ಯಾಡ ತಾಯಿ. ನೀನ್ ಓದ್ರೆ ಇವ್ಳು ಉಳಿಯಲ್ಲ."

ಅವಳು ಹೇಳದಿದ್ದರೂ ನನಗೆ ಅದು ಗೊತ್ತಿತ್ತು. "ಬರೋಕಾಗಲ್ಲ ಮೇಷ್ಟ್ರೇ" ಎಂದು ಒಳಗಿನಿಂದಲೇ ಕೂಗಿದೆ. ಹುಡುಗಿಯ ಹೊಟ್ಟೆಯ ಮೇಲೆ ನನ್ನ ಕಣ್ಣೀರು ಬೀಳುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕೈಗೆ ಕಾಲು ಸಿಕ್ಕಲು ಬಹಳ ಹೊತ್ತು ಹಿಡಿಯಿತು. ಮಗು ನೀಲಿಯಾಗಿ ಬಂತು. ಬೆನ್ನು ಉಜ್ಜಿ, ಬಾಯಿ ಒರೆಸಿ, ತಲೆ ಕೆಳಗೆ ಹಿಡಿದ ಮೇಲೆ ಅತ್ತಿತು.

ಮನೆಗೆ ಬಂದಾಗ ಅವರನ್ನು ಹಜಾರದ ನೆಲಕ್ಕೆ ಇಳಿಸಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ. ಅಪ್ಪ ಅಂಗಿ ಇಲ್ಲದೆ ಪಕ್ಕದಲ್ಲಿ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಅವ್ಳೆಲ್ಲಿ ಅಂತ ಕೇಳಿದ್ರು" ಅಂದರು ಅಪ್ಪ. "ಎರ್ಗೆಗೆ ಓಗವ್ಳೆ ಅಂದೆ. ಸರಿ ಅಂದ್ರು. ಆಮೇಲ್ ಮಾತಾಡ್ಲಿಲ್ಲ."

ಅಪ್ಪ ನನ್ನ ಸೀರೆಯ ಮೇಲಿನ ರಕ್ತ ನೋಡಿದರು. "ಏನಾಯ್ತಮ್ಮಾ?"

"ಎರಡೂ ಉಳಿದವೆ ಅಪ್ಪಾ" ಎಂದೆ.

ಅಪ್ಪ ಬಗ್ಗಿದರು. ನೆಲಕ್ಕೆ ಕೈ ಊರಿ, ಆ ದೊಡ್ಡ ದೇಹದ ಮೇಲೆ ಬಾಗಿ, ಕಿವಿಯ ಹತ್ತಿರ ಬಾಯಿ ಇಟ್ಟು, ಬದುಕಿರುವವರಿಗೆ ಹೇಳುವ ಹಾಗೆಯೇ ಗಟ್ಟಿಯಾಗಿ ಹೇಳಿದರು: "ಡಾಕ್ಟ್ರೇ, ನಮ್ಮುಡ್ಗಿ ಬಂದವ್ಳೆ. ತಾಯಿ ಮಗು ಎರಡೂ ಉಳಿದವಂತೆ."